ಕ್ಯಾಶುವಾಲ್ಟಿಯ ಇನ್‌ಸ್ಪೆಕ್ಷನ್

ನಮ್ಮ ಮನೆತನದಲ್ಲಿ ಈ ಹುಡುಗಿಗೆ ಮುಂಚೆ ಒಬ್ಬರೂ ಡಾಕ್ಟರಾದವರಿಲ್ಲ. ಹಾಗಾಗಿ ಯಾವ ಡಾಕ್ಟರಾದರೆ ಒಳ್ಳೆಯದು ಎಂಬ ವಿಷಯದಲ್ಲಿ ಎಲ್ಲರಿಗೂ ಖಚಿತವಾದ ಅಭಿಪ್ರಾಯವಿತ್ತು. ತಂಗಿಯ ಮಗಳು ಎಂಬಿಬಿಎಸ್ ಮುಗಿಸಿ, ಹೌಸ್ ಸರ್ಜನ್ ಆಗಿ ವರ್ಷವಿಡೀ ನಿದ್ದೆಗೆಟ್ಟು, ನೀಟ್ ಪಿಜಿಯ 200 ಪ್ರಶ್ನೆಗಳನ್ನು ಮೂರೂವರೆ ಗಂಟೆಯಲ್ಲಿ ಬಿಡಿಸಿ, ರ‍್ಯಾಂಕ್ ಹಿಡಿದು ಕೂತಾಗ ಆ ಅಭಿಪ್ರಾಯಗಳೆಲ್ಲ ಒಂದು ಭಾನುವಾರದ ಊಟದಲ್ಲಿ ಒಟ್ಟಿಗೇ ಹೊರಬಿದ್ದವು. ಹುಡುಗಿಯ ಅಪ್ಪ ಚರ್ಮದ ಪರ. “ಸ್ಕಿನ್ ಡಾಕ್ಟ್ರಿಗೆ ಅರ್ಧರಾತ್ರೀಲಿ ಫೋನ್ ಬರಲ್ಲ” ಎನ್ನುವುದು ಅವರ ವಾದದ ಮೊದಲನೆಯ ಮತ್ತು ಕೊನೆಯ ಅಂಶ. ನನ್ನ ಹೆಂಡತಿ ಹೆರಿಗೆಯ ಪರ. ದೇಶದ ಜನಸಂಖ್ಯೆಯ ಮೇಲೆ ಅವಳಿಗೆ ಪೂರ್ತಿ ಭರವಸೆ. ನಮ್ಮಣ್ಣ ರೇಡಿಯಾಲಜಿ ಎಂದ. ಎಸಿ ರೂಮು, ಮಬ್ಬು ಬೆಳಕು, ಮೈಮೇಲೆ ಯಾರೂ ವಾಂತಿ ಮಾಡುವುದಿಲ್ಲ. ಆ ಸೀಟು ಎಂಥ ರ‍್ಯಾಂಕಿಗೆ ಖಾಲಿಯಾಗುತ್ತದೆ ಎನ್ನುವುದು ಅವನಿಗೆ ತಿಳಿಯದ್ದರಿಂದ ವಾದದಲ್ಲಿ ಗಟ್ಟಿತನವಿತ್ತು.

“ನಾನು ಎಮರ್ಜೆನ್ಸಿ ಮೆಡಿಸಿನ್ ತಗೋತೀನಿ” ಎಂದಳು ಪುಟ್ಟಿ, ಸಾರಿಗೆ ತುಪ್ಪ ಬಡಿಸಿಕೊಳ್ಳುತ್ತ.

“ಅಂದ್ರೆ ಕ್ಯಾಶುವಾಲ್ಟಿನಾ?” ಎಂದಳು ನನ್ನ ತಂಗಿ. ಮಗಳು ಡಾಕ್ಟರಿಕೆಯನ್ನೇ ಬಿಟ್ಟು ಆಸ್ಪತ್ರೆಯ ಗೇಟು ಕಾಯಲು ಹೊರಟಿದ್ದಾಳೆ ಎನ್ನುವ ಧ್ವನಿ.

“ಬೋರ್ಡಿನ ಮೇಲೆ ಏನಂತ ಬರೆಸ್ತೀಯ?” ಎಂದರು ಅವಳಪ್ಪ. ಪ್ರಶ್ನೆಯಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಕಣ್ಣಿನ ಡಾಕ್ಟರು, ಮೂಳೆ ಡಾಕ್ಟರು ಮನೆ ಮುಂದಿನ ಗ್ಯಾರೇಜನ್ನು ಕ್ಲಿನಿಕ್ ಮಾಡಿಕೊಳ್ಳಬಹುದು. ತುರ್ತು ಚಿಕಿತ್ಸೆಯವರು ಗ್ಯಾರೇಜಿನಲ್ಲಿ ಸಂಜೆ ಆರರಿಂದ ಎಂಟರವರೆಗೆ ಕೂತು ಯಾರ ದಾರಿ ಕಾಯಬೇಕು?

ನಮ್ಮ ತಲೆಮಾರಿನವರಿಗೆ ಕ್ಯಾಶುವಾಲ್ಟಿ ಎಂದರೆ ಹಸಿರು ಪರದೆ, ರೆಕ್ಸಿನ್ ಕಿತ್ತ ಮಂಚ, ಅದರಾಚೆ ದಣಿದ ಒಬ್ಬ ಡ್ಯೂಟಿ ಡಾಕ್ಟರು. ಅವರು ನಾಡಿ ಹಿಡಿದು ನೋಡಿ ಚೀಟಿ ಬರೆಯುತ್ತಿದ್ದರು: ಸರ್ಜರಿಯವರನ್ನು ಕರೆಯಿರಿ, ಮೆಡಿಸಿನ್‌ನವರನ್ನು ಕರೆಯಿರಿ, ಪೊಲೀಸರನ್ನು ಕರೆಯಿರಿ. ಇದು ಕಲಿತು ಮಾಡಬೇಕಾದ ಪ್ರತ್ಯೇಕ ವಿದ್ಯೆ ಎಂದು ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿಕೊಂಡದ್ದು 2009ರಲ್ಲಿ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಾಡಲು ಶುರುವಾದ ಮರುವರ್ಷ ಅದು. ಬೇಗ ತಲುಪಿಸುವ ಗಾಡಿ ಮೊದಲು ಬಂತು, ತಲುಪಿದ ಮೇಲೆ ನೋಡಿಕೊಳ್ಳುವುದನ್ನೇ ಓದಿದವರು ಆಮೇಲೆ. ಅಮೆರಿಕದವರು ನಮಗಿಂತ ಮುಂದಿದ್ದರೂ ತೀರಾ ಹಳಬರೇನಲ್ಲ. ಅಲ್ಲಿನ ಮೊದಲ ತರಬೇತಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಆರಂಭವಾಯಿತು, ಉಳಿದ ವಿಭಾಗದವರು ಇವರನ್ನು ಪಂಕ್ತಿಗೆ ಸೇರಿಸಿಕೊಂಡದ್ದು 1979ರಲ್ಲಿ.

ಇಷ್ಟು ಎಳೆಯ ವಿದ್ಯೆಯಾದ್ದರಿಂದ ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರ. ಸರ್ಜರಿಯಾದರೆ ಯಾವ ಹಳೆಯ ಕಾಲೇಜಿನಲ್ಲೂ ಒಂದು ಪರಂಪರೆ ಇರುತ್ತದೆ, ಕತ್ತರಿ ಎಸೆಯುವ ಒಬ್ಬ ಪ್ರೊಫೆಸರಾದರೂ ಇರುತ್ತಾರೆ. ಎಮರ್ಜೆನ್ಸಿಯಲ್ಲಿ ಕೆಲವು ಕಡೆ ಹಳೆಯ ಕ್ಯಾಶುವಾಲ್ಟಿಗೇ ಹೊಸ ಬೋರ್ಡು ಹೊಡೆದಿರುತ್ತಾರೆ, ಅಷ್ಟೆ. ಅಲ್ಲಿ ಮೂರು ವರ್ಷ ಕಳೆದವರು ಎಂಡಿ ಅನ್ನಿಸಿಕೊಂಡು ಹೊರಬಂದು ಅದೇ ಚೀಟಿ ಬರೆಯುತ್ತಾರೆ, ಅಕ್ಷರ ಸ್ವಲ್ಪ ದುಂಡಗಿರಬಹುದು.

ಇದು ಪುಟ್ಟಿಗೆ ಗೊತ್ತಿತ್ತು. ಅವಳು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿಕೊಂಡಿದ್ದಳು. ಅಡ್ಡಕ್ಕೆ ಕಾಲೇಜು, ಉದ್ದಕ್ಕೆ ಪ್ರಶ್ನೆ. ಮನೆಯವರು ಹೇಳಿಸಿ ಬರೆಸಿದ ಪ್ರಶ್ನೆಗಳು ಮೇಲಿದ್ದವು: ಫೀಸೆಷ್ಟು, ಬಾಂಡೆಷ್ಟು, ಹಾಸ್ಟೆಲ್ ಇದೆಯಾ, ಸ್ಟೈಪೆಂಡ್ ಎಷ್ಟು. ಸ್ಟೈಪೆಂಡಿನ ಎದುರಿಗೆ ಕೆಲವು ಕಡೆ ಎರಡು ಅಂಕಿಗಳಿದ್ದವು, ಕಾಗದದಲ್ಲಿ ಕೊಡುವುದು ಒಂದು, ಕೈಗೆ ಸಿಗುವುದು ಇನ್ನೊಂದು. ಖಾತೆಗೆ ಜಮಾ ಮಾಡಿ ಹಿಂದಿನ ಬಾಗಿಲಿನಿಂದ ವಾಪಸ್ ಪಡೆಯುವ ಕಾಲೇಜುಗಳಿವೆ ಎಂಬ ದೂರು ಇಂದಿನದಲ್ಲ. ಬ್ಯಾಂಕಿನಲ್ಲಿ ಜೀವ ಸವೆಸಿದ ನನಗೆ ಆ ಬಗೆಯ ಲೆಕ್ಕದ ವಾಸನೆ ದೂರದಿಂದಲೇ ಹತ್ತುತ್ತದೆ.

ನಾನು ನಿವೃತ್ತನಾಗುವ ಮೊದಲು ಬಹಳ ಕಾಲ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಮ್ಯಾನೇಜರು ಬರುವುದಕ್ಕೆ ಮುಂಚೆ ಶಾಖೆಯ ಮೆಟ್ಟಿಲ ಮೇಲೆ ನಿಂತಿರುವುದು ನಮ್ಮ ಧರ್ಮ. ಒಳಗೆ ಹೋದರೆ ಮೊದಲು ನಗದು ಎಣಿಸು, ಬೀಗದ ಕೈ ಯಾರ ಬಳಿ ಇದೆ ನೋಡು, ಆಮೇಲೆ ನಮಸ್ಕಾರ. ಶಾಖೆ ಹೇಗಿದೆ ಎನ್ನುವುದು ಕ್ಯಾಬಿನ್ನಿನಲ್ಲಿ ತಿಳಿಯುವುದಿಲ್ಲ, ದಫ್ತರಿ ಟೀ ಕುಡಿಯುವ ಜಾಗದಲ್ಲಿ ತಿಳಿಯುತ್ತದೆ.

“ಮಾವ, ನೀವು ನನ್ನ ಜೊತೆ ಬರ್ತೀರಾ?” ಎಂದು ಪುಟ್ಟಿ ಕೇಳಿದ್ದು ಈ ಕಾರಣಕ್ಕೆ. “ಅಪ್ಪ ಬಂದ್ರೆ ಡೀನ್ ರೂಮಲ್ಲೇ ಕೂತುಬಿಡ್ತಾರೆ. ನಂಗೆ ರಾತ್ರಿ ನೋಡ್ಬೇಕು.”

ಒಪ್ಪಿದೆ. ಒಪ್ಪಿದ್ದರಲ್ಲಿ ನನ್ನ ಸ್ವಾರ್ಥವೂ ಇತ್ತು. ಅವಳು ಕಲಿಯುವುದಕ್ಕೆ ಜಾಗ ಹುಡುಕುತ್ತಿದ್ದಳು. ನನಗೆ ಬಿಪಿ, ಸಕ್ಕರೆ ಎರಡೂ ಇವೆ. ಅವಳು ಟ್ರಾಲಿಯ ಪಕ್ಕ ನಿಲ್ಲುವವಳು, ನಾನು ಇವತ್ತಲ್ಲ ನಾಳೆ ಅದರ ಮೇಲೆ ಮಲಗುವವನು. ಇಂಥ ಜಾಗವನ್ನು ತೂಗಿ ನೋಡುವಾಗ ಮಲಗುವವನ ಕಡೆಯಿಂದಲೂ ಒಬ್ಬ ಪ್ರತಿನಿಧಿ ಇರಬೇಡವೇ?

ಹೊರಡುವ ಮೊದಲು ಮಿಷಿಗನ್‌ನಲ್ಲಿರುವ ದೊಡ್ಡಪ್ಪನ ಮಗನ ಮನೆಗೆ ವಿಡಿಯೋ ಕಾಲ್ ಆಯಿತು. ಅವನ ಮಗಳೂ ಅಲ್ಲಿ ಇದನ್ನೇ ಓದಲು ಹೊರಟಿದ್ದಾಳೆ. ಅಲ್ಲಿನ ಕ್ರಮ ಕೇಳಿದರೆ ನಮ್ಮದು ಸರಳ ಅನ್ನಿಸುತ್ತದೆ. ಅರ್ಜಿ, ಶಿಫಾರಸು ಪತ್ರ, ಸಂದರ್ಶನ ಎಲ್ಲ ಮುಗಿದ ಮೇಲೆ ಹುಡುಗರು ತಮಗೆ ಬೇಕಾದ ಆಸ್ಪತ್ರೆಗಳನ್ನು ಸಾಲಾಗಿ ಬರೆದು ಕೊಡುತ್ತಾರೆ, ಆಸ್ಪತ್ರೆಗಳು ತಮಗೆ ಬೇಕಾದ ಹುಡುಗರನ್ನು ಸಾಲಾಗಿ ಬರೆದು ಕೊಡುತ್ತವೆ, ಕಂಪ್ಯೂಟರು ಇಬ್ಬರನ್ನೂ ಜೋಡಿಸುತ್ತದೆ. ಈ ಬಗೆಯ ಜೋಡಣೆಯ ಗಣಿತವನ್ನು ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಎಂಬಿಬ್ಬರು 1962ರಲ್ಲಿ ಬರೆದರು. ಅವರು ಎತ್ತಿಕೊಂಡ ಉದಾಹರಣೆಗಳು ಕಾಲೇಜು ಪ್ರವೇಶ ಮತ್ತು ಮದುವೆ. ಡಾಕ್ಟರುಗಳ ಜೋಡಣೆಯನ್ನು ಮುಂದೆ ಪರಿಷ್ಕರಿಸಿದ ಆಲ್ವಿನ್ ರಾತ್ ಮತ್ತು ಶಾಪ್ಲಿ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಫಲಿತಾಂಶ ಮಾರ್ಚ್ ತಿಂಗಳಲ್ಲಿ. ಜೋಡಿಯಾಗಿದೆಯೋ ಇಲ್ಲವೋ ಎಂದು ಸೋಮವಾರ ತಿಳಿಸುತ್ತಾರೆ, ಯಾವ ಆಸ್ಪತ್ರೆಯೊಂದಿಗೆ ಎಂದು ಶುಕ್ರವಾರ.

ನನ್ನ ಹೆಂಡತಿ ಕೇಳಿಸಿಕೊಳ್ಳುತ್ತಿದ್ದವಳು ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿದಳು. “ಅಂದ್ರೆ ನಿಮ್ಮ ಹುಡುಗೀನ ಒಪ್ಪಿದಾರೆ ಅಂತ ಸೋಮವಾರ ಹೇಳಿ, ಯಾರ ಮನೆಯವರು ಅನ್ನೋದನ್ನ ಶುಕ್ರವಾರ ಹೇಳ್ತಾರಾ? ಮಧ್ಯದಲ್ಲಿ ಆ ತಾಯಿಗೆ ನಿದ್ದೆ ಬರುತ್ತಾ?”

ಬರುವುದಿಲ್ಲವಂತೆ.

ಅಲ್ಲಿ ಸಂದರ್ಶನದ ಕೊನೆಯಲ್ಲಿ “ನಮ್ಮನ್ನು ಕೇಳುವುದೇನಾದರೂ ಇದೆಯೇ?” ಎನ್ನುತ್ತಾರಂತೆ. ಏನೂ ಇಲ್ಲ ಎಂದರೆ ಕೆಟ್ಟಿರಿ. ಆ ಹುಡುಗಿ ಎಲ್ಲ ಕಡೆ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದಳು: “ಇಲ್ಲಿ ಕಲಿಯುತ್ತಿರುವವರು ದೂರಿದ್ದಕ್ಕೆ ಕಳೆದ ವರ್ಷ ನೀವು ಏನನ್ನು ಬದಲಾಯಿಸಿದಿರಿ?” ಒಳ್ಳೆಯ ಜಾಗದವರು ಕೂಡಲೇ ಹೇಳುತ್ತಾರೆ, ರಾತ್ರಿ ಪಾಳಿಯ ಪಟ್ಟಿ ಬದಲಾಯಿಸಿದೆವು, ಪಾರ್ಕಿಂಗ್‌ಗೆ ದೀಪ ಹಾಕಿಸಿದೆವು, ಹೀಗೆ. ಉಳಿದವರು “ನಮ್ಮದು ಒಂದು ಕುಟುಂಬವಿದ್ದ ಹಾಗೆ” ಎನ್ನುತ್ತಾರೆ. ಸಂಸ್ಥೆಯನ್ನು ಕುಟುಂಬ ಎಂದು ಕರೆಯುವವರ ಬಗ್ಗೆ ನನಗೆ ಬ್ಯಾಂಕಿನಲ್ಲಿದ್ದಾಗಿನಿಂದಲೂ ಗುಮಾನಿ. ಓವರ್‌ಟೈಮ್ ಕೊಡದವರೆಲ್ಲ ಹಾಗೇ ಕರೆಯುತ್ತಿದ್ದರು.

ಅಲ್ಲಿಯೂ ಈ ವಿಭಾಗದ ಗ್ರಹಗತಿ ನೆಟ್ಟಗಿಲ್ಲ. 2030ರ ಹೊತ್ತಿಗೆ ತುರ್ತು ಚಿಕಿತ್ಸೆಯ ಡಾಕ್ಟರುಗಳು ಅಗತ್ಯಕ್ಕಿಂತ ಸಾವಿರಾರು ಮಂದಿ ಹೆಚ್ಚಾಗುತ್ತಾರೆ ಎಂಬ ಅಂದಾಜು 2021ರಲ್ಲಿ ಹೊರಬಿತ್ತು. ಕೋವಿಡ್‌ನಲ್ಲಿ ಬಸವಳಿದವರನ್ನು ಕಣ್ಣಾರೆ ಕಂಡಿದ್ದ ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. 2023ರಲ್ಲಿ 550ಕ್ಕೂ ಹೆಚ್ಚು ಸೀಟುಗಳು ಜೋಡಣೆಯಲ್ಲಿ ಖಾಲಿ ಉಳಿದವು. ಮರುವರ್ಷವೇ ಅದು 135ಕ್ಕೆ ಇಳಿಯಿತು. ಹೀಗೆ ಏರಿಳಿಯುವುದನ್ನು ನೋಡಿ ಜೀವನದ ದಾರಿ ಆರಿಸುವುದು ಬೇಡ ಎಂದು ಇಬ್ಬರು ಹುಡುಗಿಯರಿಗೂ ಹೇಳಿದೆ. ಇಬ್ಬರೂ ನನ್ನನ್ನು ಕೇಳಿರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡಿತು. ಫಿಲಡೆಲ್ಫಿಯಾದ ಹಾನಿಮನ್ ಎಂಬ ಹಳೆಯ ಆಸ್ಪತ್ರೆ 2019ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಅಲ್ಲಿ ತರಬೇತಿಯಲ್ಲಿದ್ದ 500ಕ್ಕೂ ಹೆಚ್ಚು ಡಾಕ್ಟರುಗಳು ರಾತ್ರೋರಾತ್ರಿ ಬೀದಿಗೆ ಬಿದ್ದರು. ಆಸ್ಪತ್ರೆಯವರು ಆ ತರಬೇತಿ ಸೀಟುಗಳನ್ನು ಹರಾಜಿಗಿಟ್ಟರು, ಐದೂವರೆ ಕೋಟಿ ಡಾಲರಿಗೆ ಬಿಡ್ಡೂ ಆಯಿತು. ಕೇಂದ್ರ ಸರ್ಕಾರ ತಕರಾರು ತೆಗೆದು, ಕೊನೆಗೆ ಮಾರಾಟ ನಡೆಯಲಿಲ್ಲ ಎನ್ನಿ. ಅಡವಿಟ್ಟ ಬಳೆ ಸರ ಹರಾಜು ಹಾಕಿಸಿದವನು ನಾನು. ಕಲಿಯುವ ಕುರ್ಚಿಯನ್ನೂ ಕೂಗಬಹುದೆಂದು ಗೊತ್ತಿರಲಿಲ್ಲ. ಆಮೇಲೆ ಪುಟ್ಟಿಯ ಪಟ್ಟಿಗೆ ನನ್ನದೊಂದು ಕಾಲಂ ಸೇರಿಸಿದೆ: ಆಡಳಿತ ಮಂಡಳಿಯ ಸಾಲವೆಷ್ಟು. ಯಾವ ಕಾಲೇಜೂ ಹೇಳಲಿಲ್ಲ.

ಕೆಲಸದ ಗಂಟೆಗಳ ವಿಷಯದಲ್ಲಿ ಅಮೆರಿಕದವರ ನಿಯಮ ಬಿಗಿ. ಎಮರ್ಜೆನ್ಸಿಯಲ್ಲಿ ರೋಗಿಗಳನ್ನು ನೋಡುವ ಪಾಳಿ ವಾರಕ್ಕೆ 60 ಗಂಟೆ ದಾಟುವಂತಿಲ್ಲ, ಒಂದು ಪಾಳಿ 12 ಗಂಟೆ ಮೀರುವಂತಿಲ್ಲ. ಅದರ ಬೇರು 1984ರಲ್ಲಿದೆ. ನ್ಯೂಯಾರ್ಕಿನಲ್ಲಿ ಲಿಬ್ಬಿ ಜಯಾನ್ ಎಂಬ 18ರ ಹುಡುಗಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು; ನೋಡಿಕೊಂಡದ್ದು ದೀರ್ಘ ಪಾಳಿಯಲ್ಲಿದ್ದ ಕಿರಿಯ ಡಾಕ್ಟರುಗಳು. ತಂದೆ ಪತ್ರಕರ್ತ, ಬಿಡಲಿಲ್ಲ. ಆ ರಾಜ್ಯದಲ್ಲಿ 1989ಕ್ಕೆ ವಾರಕ್ಕೆ 80 ಗಂಟೆಯ ಮಿತಿ ಬಂತು, ದೇಶಕ್ಕೆಲ್ಲ 2003ಕ್ಕೆ. ನಮ್ಮಲ್ಲಿಯೂ 1992ರಷ್ಟು ಹಿಂದೆಯೇ ಕೇಂದ್ರ ಸರ್ಕಾರ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಎಂದು ಆದೇಶಿಸಿತ್ತು. ಅಮೆರಿಕಕ್ಕಿಂತ ಉದಾರ! 2023ರ ಹೊಸ ನಿಯಮದಲ್ಲಿ ಅಂಕಿ ಮಾಯವಾಗಿ ‘ಸಮಂಜಸವಾದ ಅವಧಿ’ ಎಂದಷ್ಟೇ ಇದೆ, ವಾರದ ರಜೆಯೂ ಕೆಲಸದ ತುರ್ತಿಗೆ ಒಳಪಟ್ಟು. ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸಕ್ಕೆ ತುರ್ತು ಇಲ್ಲದ ದಿನ ಯಾವುದು ಎಂದು ಬರೆದವರು ಯೋಚಿಸಿದಂತಿಲ್ಲ.

ಮೊದಲು ಹೋದದ್ದು ಒಂದು ಖಾಸಗಿ ಕಾಲೇಜಿಗೆ. ಹೆಸರು ಬೇಡ. ಹಗಲಲ್ಲಿ ಎಲ್ಲ ಝಗಮಗ. ಗ್ರಾನೈಟ್ ನೆಲ, ಎಚ್‌ಒಡಿಯವರ ಪಿಪಿಟಿ, ಹೃದಯ ಒತ್ತುವುದನ್ನು ಕಲಿಯಲು ವಿದೇಶದಿಂದ ತರಿಸಿದ ಬೊಂಬೆ. ಬೊಂಬೆಯ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ನಾವು ಕೈಮುಗಿದು ಹೊರಬಂದು, ಊಟ ಮಾಡಿ, ಲಾಡ್ಜಿನಲ್ಲಿ ಒಂದಿಷ್ಟು ಮಲಗಿ, ರಾತ್ರಿ ಎರಡರ ಸುಮಾರಿಗೆ ಮತ್ತೆ ಹೋದೆವು. ಪುಟ್ಟಿಯ ಸೀನಿಯರ್ ಒಬ್ಬಳು ಅಲ್ಲಿ ಎರಡನೇ ವರ್ಷದ ಪಿಜಿ. ರೋಗಿಗಳು ಕಡಿಮೆಯಿದ್ದರು. “ಅಂಕಲ್, ನೀವೂ ಒಳಗೆ ಬನ್ನಿ” ಎಂದಳು ಆ ಹುಡುಗಿ.

ಉಸಿರು ನಿಂತವರಿಗೆ ಬೇಕಾದ ಔಷಧಿ ಸಾಮಾನು ತುಂಬಿದ ಕೆಂಪು ಗಾಡಿಗೆ ಕ್ರ್ಯಾಶ್ ಕಾರ್ಟ್ ಎನ್ನುತ್ತಾರೆ. ಅದರ ಪಕ್ಕಕ್ಕೆ ರಟ್ಟಿನ ಪ್ಯಾಡೊಂದು ನೇತಾಡುತ್ತಿತ್ತು. ಪ್ರತಿ ಪಾಳಿಯಲ್ಲೂ ಗಾಡಿ ತೆರೆದು ಅಡ್ರಿನಲಿನ್ ಎಷ್ಟಿದೆ, ಆಮ್ಲಜನಕ ಎಷ್ಟಿದೆ, ಶಾಕ್ ಕೊಡುವ ಯಂತ್ರ ಚಾರ್ಜ್ ಆಗಿದೆಯೇ ಎಂದು ನೋಡಿ ಸಹಿ ಹಾಕಬೇಕು. ಇನ್‌ಸ್ಪೆಕ್ಟರನ ಕಣ್ಣು ತಾನಾಗಿ ಅಲ್ಲಿಗೆ ಹೋಯಿತು. ಇಡೀ ತಿಂಗಳ ಟಿಕ್ಕುಗಳು ಒಂದೇ ಪೆನ್ನಿನವು, ಒಂದೇ ಓಲಾಟದವು. ನಿಜವಾಗಿ ದಿನವೂ ಬರೆದ ಪುಟದಲ್ಲಿ ಒಂದು ದಿನ ನೀಲಿ, ಒಂದು ದಿನ ಕಪ್ಪು ಇರುತ್ತದೆ, ಒಮ್ಮೆ ಟೀ ಚೆಲ್ಲಿರುತ್ತದೆ. ಬೆರಳಿಟ್ಟು ಕೆಳಗೆ ಇಳಿದೆ. ನಾಳೆಯ ಮೂರು ಪಾಳಿಗೂ ಸಹಿ ಬಿದ್ದಿತ್ತು.

“ಅಲ್ಟ್ರಾಸೌಂಡ್ ಇದೆ ಅಂತ ಬೆಳಗ್ಗೆ ತೋರಿಸಿದ್ರಲ್ಲ, ಎಲ್ಲಿ?” ಎಂದು ಪುಟ್ಟಿ ಕೇಳಿದಳು.

“ಸರ್ ರೂಮಲ್ಲಿದೆ. ನಾಲ್ಕು ಗಂಟೆಗೆ ಬೀಗ ಹಾಕ್ತಾರೆ.”

ಇದಕ್ಕೆ ಸರ್ ಒಬ್ಬರನ್ನೇ ದೂರುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಯಾರು ಮುಟ್ಟಬಹುದು ಎನ್ನುವುದಕ್ಕೂ ಲೆಕ್ಕವಿರಬೇಕು. ಕಾಯ್ದೆ ಬೇಕಾದದ್ದೇ. ಆದರೆ ಹೆದರಿಕೆಯವರು ಯಂತ್ರವನ್ನು ಬೀಗದೊಳಗೆ ಇಟ್ಟುಬಿಡುತ್ತಾರೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೋ ಇಲ್ಲವೋ ಎಂದು ಎರಡು ನಿಮಿಷದಲ್ಲಿ ನೋಡಬಹುದಾಗಿದ್ದ ಪಿಜಿ ಕಿವಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಬೆಳಗಾಗುವುದನ್ನು ಕಾಯುತ್ತಾಳೆ. ಕಾನೂನಿಗೆ ಸರಿಯಾಗಿ ಕಾಗದ ಮಾಡಿಸಿ ಯಂತ್ರವನ್ನು ರೋಗಿಯ ಪಕ್ಕವೇ ಇಟ್ಟ ಕಾಲೇಜುಗಳೂ ಇವೆ. ಎರಡಕ್ಕೂ ಇರುವ ವ್ಯತ್ಯಾಸ ಒಬ್ಬ ಎಚ್‌ಒಡಿ ಕಚೇರಿಗಳಿಗೆ ಅಲೆಯಲು ತಯಾರಿದ್ದಾರೋ ಇಲ್ಲವೋ ಎನ್ನುವುದು, ಅಷ್ಟೆ.

ಪುಟ್ಟಿಯ ಮುಖ್ಯ ಪ್ರಶ್ನೆ ಬೇರೆಯಿತ್ತು. ಉಸಿರಾಡಲಾಗದವರ ಗಂಟಲಿಗೆ ಟ್ಯೂಬ್ ಇಳಿಸುವವರು ಯಾರು? ಅರಿವಳಿಕೆಯವರನ್ನು ಕರೆಯುತ್ತೀರೋ, ನೀವೇ ಹಾಕುತ್ತೀರೋ? ಎದೆಗೆ ಟ್ಯೂಬ್ ಸರ್ಜರಿಯವರದೋ ನಿಮ್ಮದೋ? ಜಾರಿದ ಭುಜ ಕೂರಿಸುವವರು? ಹಿಂದೆ ಈ ಕೆಲಸಗಳೆಲ್ಲ ಬೇರೆ ಬೇರೆ ವಿಭಾಗಗಳ ಆಸ್ತಿಯಾಗಿದ್ದವು, ಕೆಲವು ಕಡೆ ಪಾಲುಪಟ್ಟಿ ಇನ್ನೂ ಆಗಿಲ್ಲ. ಸೀನಿಯರ್ ಹುಡುಗಿ ಸುತ್ತ ನೋಡಿ ಮೆಲ್ಲಗೆ ಹೇಳಿದಳು: “ಟ್ಯೂಬ್ ಅನಸ್ತೇಷಿಯಾದವರೇ ಹಾಕ್ತಾರೆ ಕಣೆ. ನಾವು ಎಂಎಲ್‌ಸಿ ಬರೀತೀವಿ.” ಹೊಡೆದಾಟ, ಅಪಘಾತ, ವಿಷ ಎಲ್ಲಕ್ಕೂ ಪೊಲೀಸರಿಗೆ, ಕೋರ್ಟಿಗೆ ಬೇಕಾಗುವ ದಾಖಲೆ ಅದು. ಗಾಯದ ಉದ್ದ ಇಷ್ಟು ಸೆಂಟಿಮೀಟರ್, ಅಗಲ ಇಷ್ಟು. ಮೂರು ವರ್ಷದಲ್ಲಿ ಅವಳು ಗಾಯ ಅಳೆಯುವುದರಲ್ಲಿ ನಿಪುಣಳಾಗುತ್ತಾಳೆ, ಹೊಲಿಯುವುದು ಬೇರೆಯವರ ಪಾಲು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ತಂಗಿ. ಅವಳಿಗೂ ನಿದ್ದೆಯಿಲ್ಲ.

“ಅಣ್ಣ, ಡಾಕ್ಟ್ರು ಮಲಗೋ ರೂಮಿಗೆ ಒಳಗಡೆಯಿಂದ ಚಿಲಕ ಇದೆಯಾ ನೋಡು.”

ಈವರೆಗೆ ಅವಳು ಕೇಳಿದ್ದನ್ನೆಲ್ಲ ನಾವು ತಾಯಂದಿರ ಪ್ರಶ್ನೆ ಎಂದು ಪಕ್ಕಕ್ಕಿಟ್ಟಿದ್ದೆವು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನಡುವೆ ಒರಗಲು ಹೋದ ಪಿಜಿ ಹುಡುಗಿಗೆ ಆದದ್ದನ್ನು ಓದಿದ ಯಾವ ತಾಯಿಯೂ ಮೊದಲು ಕೇಳುವುದು ಇದನ್ನೇ. ಸಿಮ್ಯುಲೇಷನ್ ಲ್ಯಾಬಿನ ಬಗ್ಗೆ ಕೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಸೀನಿಯರ್ ಹುಡುಗಿ ಡ್ಯೂಟಿ ರೂಮಿನ ಬಾಗಿಲು ತೆರೆದು ತೋರಿಸಿದಳು. ಚಿಲಕದ ಜಾಗದಲ್ಲಿ ನಾಲ್ಕು ಮೊಳೆಯ ತೂತುಗಳಿದ್ದವು. ಬ್ಯಾಂಡೇಜ್ ಬಟ್ಟೆಯನ್ನು ಹುರಿ ಮಾಡಿ ಹಿಡಿಕೆಗೆ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿಯಲು ಗಂಟು ಹಾಕಿಟ್ಟಿದ್ದರು. “ಕಂಪ್ಲೇಂಟ್ ಕೊಟ್ಟು ತುಂಬ ದಿನ ಆಯ್ತು ಅಂಕಲ್, ಕಾರ್ಪೆಂಟರ್ ಬರ್ತಾನೆ ಅಂತಾರೆ.” ಮಾರನೆಯ ದಿನ ಪುಟ್ಟಿ ಪಟ್ಟಿಯಲ್ಲಿ ಚಿಲಕದ ಕಾಲಂ ಹಾಕಿದಳು, ಸ್ಟೈಪೆಂಡಿಗಿಂತ ಮೇಲೆ.

ಎರಡನೆಯದು ದೊಡ್ಡ, ಹಳೆಯ, ಗಿಜಿಗುಡುವ ಆಸ್ಪತ್ರೆ. ಗೋಡೆಗೆ ಎಲೆ ಅಡಿಕೆಯ ಕಲೆ, ಕಾರಿಡಾರಿನಲ್ಲಿ ಚಾಪೆ ಹಾಸಿದ ರೋಗಿಯ ಕಡೆಯವರು, ಸೆಕ್ಯುರಿಟಿಯವನೊಂದಿಗೆ ಒಳಗೆ ಬಿಡು ಎಂಬ ಜಗಳ. ಪುಟ್ಟಿಯನ್ನು ಒಳಗೆ ಬಿಟ್ಟರು, ನನ್ನನ್ನು ಬಿಡಲಿಲ್ಲ. ನನಗದು ಒಳ್ಳೆಯ ಗುರುತೆನ್ನಿಸಿತು. ಗೇಟಿನಾಚೆಯ ಟೀ ಅಂಗಡಿಗೆ ಹೋಗಿ ಕೂತೆ. ಅಲ್ಲಿ ಆಂಬುಲೆನ್ಸ್ ಡ್ರೈವರುಗಳು ಸೇರುತ್ತಾರೆ. ಯಾವ ಆಸ್ಪತ್ರೆ ಹೇಗೆ ಎನ್ನುವುದು ಅವರಷ್ಟು ಯಾರಿಗೂ ತಿಳಿದಿರಲಾರದು, ಅವರನ್ನು ಯಾವ ಸಮಿತಿಯೂ ಕೇಳುವುದಿಲ್ಲ.

“ಇಲ್ಲಿ ಹೇಗಪ್ಪಾ?” ಎಂದು ಕೇಳಿದೆ.

“ಇಲ್ಲಿ ಸ್ಟ್ರೆಚರ್ ಬೇಗ ವಾಪಸ್ ಕೊಡ್ತಾರೆ ಸಾರ್” ಎಂದ ಒಬ್ಬ.

ಅದೇನು ಮಾತು ಎಂದು ಮೊದಲು ಹೊಳೆಯಲಿಲ್ಲ. ಅವನೇ ಬಿಡಿಸಿ ಹೇಳಿದ. ಒಳಗೆ ಮಂಚ ಖಾಲಿಯಿಲ್ಲದಿದ್ದರೆ ರೋಗಿಯನ್ನು ಆಂಬುಲೆನ್ಸಿನ ಸ್ಟ್ರೆಚರ್ ಮೇಲೇ ಮಲಗಿಸಿಕೊಂಡಿರುತ್ತಾರೆ. ಸ್ಟ್ರೆಚರ್ ಬರುವವರೆಗೆ ಗಾಡಿ ಕದಲುವಂತಿಲ್ಲ. ಅತ್ತ ಇನ್ನೊಬ್ಬ ಎಲ್ಲೋ ರಸ್ತೆಯಲ್ಲಿ ಬಿದ್ದಿರುತ್ತಾನೆ. ವಾರ್ಡಿನವರು ಎಮರ್ಜೆನ್ಸಿಯಿಂದ ರೋಗಿಗಳನ್ನು ಬೇಗ ಒಳಗೆ ಎಳೆದುಕೊಂಡರೆ ಮಾತ್ರ ಮುಂದೆ ಮಂಚ ಖಾಲಿಯಾಗುತ್ತದೆ. ಅಂದರೆ ಇಡೀ ಆಸ್ಪತ್ರೆ ಈ ವಿಭಾಗವನ್ನು ತನ್ನದೆಂದು ಒಪ್ಪಿಕೊಂಡಿದೆಯೇ ಎನ್ನುವುದಕ್ಕೆ ಸ್ಟ್ರೆಚರ್ ಸಾಕ್ಷಿ. ಅಮೆರಿಕದಲ್ಲೂ ದೊಡ್ಡ ರೋಗ ಇದೇ ಎಂದು ಮಿಷಿಗನ್ ಹುಡುಗಿ ಹೇಳಿದ್ದಳು, ಮೇಲೆ ಹಾಸಿಗೆ ಸಿಗದೆ ಕೆಳಗೇ ದಿನಗಟ್ಟಲೆ ಮಲಗಿರುವವರು. ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಎಲ್ಲೂ ಕಾಣಲಿಲ್ಲ. ಅವನ ಟೀ ದುಡ್ಡು ನಾನೇ ಕೊಟ್ಟೆ.

ಪುಟ್ಟಿ ಹೊರಗೆ ಬಂದಾಗ ಹಾಲಿನ ವ್ಯಾನು ಬಂದಿತ್ತು. ಕೂದಲು ಕೆದರಿತ್ತು, ಮುಖ ಅರಳಿತ್ತು. ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡ ಹೆಂಗಸೊಬ್ಬಳನ್ನು ತಂದಿದ್ದರಂತೆ. ನಾಗರ ಕುಲದ್ದಿರಬೇಕು, ರೆಪ್ಪೆ ಇಳಿಬಿದ್ದು ಉಸಿರು ಸಣ್ಣದಾಗುತ್ತಿತ್ತು. ವಿಷಮದ್ದು ಹತ್ತು ಬಾಟಲಿ ಏರಿಸುತ್ತಿದ್ದಂತೆಯೇ ಟ್ಯೂಬ್ ಇಳಿಸಬೇಕಾಗಿ ಬಂತು. ಹಾಕಲು ನಿಂತವನು ಮೊದಲನೇ ವರ್ಷದ ಹುಡುಗ. ಕರೆ ಹೋದ ಸ್ವಲ್ಪ ಹೊತ್ತಿಗೆ ಕನ್ಸಲ್ಟೆಂಟ್ ಚಪ್ಪಲಿಯಲ್ಲೇ ಬಂದರಂತೆ. ಕೈ ಹಿಂದೆ ಕಟ್ಟಿ ಅವನ ಹೆಗಲ ಪಕ್ಕ ನಿಂತರು. ಮೊದಲ ಸಲ ಟ್ಯೂಬ್ ದಾರಿ ತಪ್ಪಿತು. ಹುಡುಗನ ಕೈ ನಡುಗಿತು.

“‘ತೆಗಿ. ಬ್ಯಾಗ್ ಮಾಡು. ಈಗ ಉಸಿರು ತಗೋ’ ಅಂದ್ರು ಮಾವ. ಅವನು ಪೇಷೆಂಟ್ ಕಡೆ ನೋಡಿದ. ‘ಅವರಲ್ಲಪ್ಪ, ನೀನು’ ಅಂದ್ರು.”

ಎರಡನೆಯ ಸಲ ಇಳಿಯಿತು. ಅವರು ಕೈಯನ್ನು ಹಿಂದಿನಿಂದ ತೆಗೆಯಲೇ ಇಲ್ಲವಂತೆ.

ಕಲಿಯುವ ಜಾಗದಲ್ಲಿ ಎಂಥ ರೋಗಿಗಳು ಬರುತ್ತಾರೆ ಎನ್ನುವುದೂ ಒಂದು ಲೆಕ್ಕ. ಬೆಂಗಳೂರಿನಲ್ಲಿ ದ್ವಿಚಕ್ರ ವಾಹನ ಮತ್ತು ಹೃದಯ. ಮಲೆನಾಡಿನ ಸೆರಗಿನಲ್ಲಿ ಹಾವು. ಬಯಲುಸೀಮೆಯ ಹತ್ತಿ ಜೋಳದ ಊರುಗಳಲ್ಲಿ ಕೀಟನಾಶಕದ ವಿಷ, ಅದಕ್ಕೆ ಅಟ್ರೋಪಿನ್ ಎಷ್ಟು ಕೊಡಬೇಕೆಂಬುದು ಪುಸ್ತಕಕ್ಕಿಂತ ಅಲ್ಲಿನ ಸಿಸ್ಟರ್‌ಗಳಿಗೆ ಚೆನ್ನಾಗಿ ಗೊತ್ತು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಕಡ್ಡಾಯ ಮಾಡಿತು. ಅಲ್ಲಿಯವರೆಗೆ ಎಷ್ಟೋ ಹಾವುಗಳು ದಾಖಲೆಗೆ ಸಿಗದೆ ತಪ್ಪಿಸಿಕೊಂಡಿದ್ದವು. ಪಿಜಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವೂ ಈಗ ಇದೆ. ಮನೆಯವರೆಲ್ಲ ಅದನ್ನು ಶಿಕ್ಷೆ ಎಂದುಕೊಂಡರು, ಪುಟ್ಟಿ ಅದನ್ನು ಹಾವಿನ ಭಾಗ್ಯ ಎಂದಳು.

ಯಾರನ್ನು ಕೇಳಬೇಕು ಎನ್ನುವುದೂ ತಿರುಗಾಟದಲ್ಲಿ ತಿಳಿಯಿತು. ಮೊದಲನೇ ವರ್ಷದವರಿಗೆ ಎಲ್ಲ ಕಾಲೇಜೂ ನರಕ. ಮೂರನೆಯ ವರ್ಷದವರು ಪಾರಾಗುತ್ತಿರುವ ಖುಷಿಯಲ್ಲಿ ಹೊಗಳುತ್ತಾರೆ. ಎರಡನೆಯ ವರ್ಷದವರು ಪಕ್ಕಾ. ಅವರನ್ನೂ ‘ಹೇಗಿದೆ’ ಎಂದು ಕೇಳಬಾರದು. ಯಾರಾದರೂ ಮಧ್ಯದಲ್ಲಿ ಬಿಟ್ಟು ಹೋದರೇ, ಹೋದ ಬ್ಯಾಚಿನವರು ಈಗ ಎಲ್ಲಿದ್ದಾರೆ, ಕಳೆದ ವಾರ ನಿನ್ನ ಕೈಯಲ್ಲಿ ಎಷ್ಟು ಟ್ಯೂಬ್ ಇಳಿಯಿತು ಎಂದು ಕೇಳಬೇಕು. ಸಾಲ ವಸೂಲಿಗೆ ಹೋದಾಗಲೂ ನಾವು ‘ಬೆಳೆ ಹೇಗಿದೆ’ ಎನ್ನುತ್ತಿರಲಿಲ್ಲ, ಎಷ್ಟು ಮೂಟೆ ಎನ್ನುತ್ತಿದ್ದೆವು.

ಮೂರನೆಯ ಆಸ್ಪತ್ರೆಯ ಬಗ್ಗೆ ಹೇಳುವುದೇನಿಲ್ಲ. ಕಾಫಿ ಚೆನ್ನಾಗಿತ್ತು.

ಆಯ್ಕೆ ತುಂಬುವ ದಿನ ನಮ್ಮ ಮನೆಯಲ್ಲಿ ಚುನಾವಣಾ ಫಲಿತಾಂಶದ ರಾತ್ರಿಯ ಗದ್ದಲ. ಕೆಇಎಯವರ ಕೊನೆಯ ಗಡುವು ಸಮೀಪಿಸುತ್ತಿತ್ತು. ಹಿಂದೆಲ್ಲ ಮಲ್ಲೇಶ್ವರಕ್ಕೆ ಹೋಗಿ ಸಾಲಿನಲ್ಲಿ ನಿಂತು ಸೀಟು ಹಿಡಿಯಬೇಕಿತ್ತು. ಈಗ ಮನೆಯಲ್ಲೇ ಕೂತು ಬೆವರಬಹುದು. ಅವಳಪ್ಪ ಗ್ರಾನೈಟ್ ನೆಲದ ಕಾಲೇಜನ್ನು ಮೇಲೆ ಹಾಕಿಸಿದರು, ಅವಳು ಕೆಳಗೆ ಇಳಿಸಿದಳು. ನಮ್ಮಣ್ಣ ಕೊನೆಯದಾಗಿ ಒಂದು ರೇಡಿಯಾಲಜಿಯನ್ನಾದರೂ ಹಾಕಿರು, ಅದೃಷ್ಟ ಹೇಳಲಿಕ್ಕಾಗದು ಎಂದ. ತಂಗಿ ಮಾತ್ರ ಚಿಲಕದ ಕಾಲಂ ಒಂದನ್ನೇ ಮತ್ತೆ ಮತ್ತೆ ಓದಿಸಿದಳು. ಗಿಜಿಗುಡುವ ಆಸ್ಪತ್ರೆಯಲ್ಲಿ ಚಿಲಕವಿತ್ತು, ಒಳಗಿನಿಂದ, ಹಿತ್ತಾಳೆಯದು.

ಎರಡನೆಯ ಸುತ್ತಿನಲ್ಲಿ ಅದೇ ಸಿಕ್ಕಿತು. ಅವಳು ಸೇರಿ ತಿಂಗಳುಗಳಾದವು; ಫೋನಿನಲ್ಲಿ ಸಿಗುವುದು ಅಪರೂಪ, ಸಿಕ್ಕರೆ ಆಕಳಿಕೆಯೇ ಹೆಚ್ಚು. ಟ್ಯೂಬಿನ ಲೆಕ್ಕ ಮಾತ್ರ ಅವಳೇ ಹೇಳುತ್ತಾಳೆ. ನಾವೂ ಅದೇ ಊರಿನಲ್ಲಿರುವುದರಿಂದ ಆ ಆಸ್ಪತ್ರೆಯ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಅದರ ಕೆಳಗೆ ನನ್ನ ಹೆಂಡತಿ ಪ್ರತಿ ತಿಂಗಳು ಪುಟ್ಟಿಯ ಡ್ಯೂಟಿ ಪಟ್ಟಿ ಕೇಳಿ ಬರೆದುಕೊಳ್ಳುತ್ತಾಳೆ. “ನೋಡಿ, ಮಂಗಳವಾರ ರಾತ್ರಿ ಅವಳಿಗೆ ಆಫ್” ಎಂದು ಮೊನ್ನೆ ಎಚ್ಚರಿಸಿದಳು. “ಆವತ್ತು ಹೋಳಿಗೆ ತಿನ್ನೋ ಹಾಗಿಲ್ಲ. ಬುಧವಾರ ಮಾಡ್ತೀನಿ.”